ಜುಮೇಲಿಗೆ ಅಂಟಿಸಿದ ಕೋರೆಹಲ್ಲು

ಕಿರಂಗೂರಿನಲ್ಲಿ ನಾವು ಕಟ್ಟಿಸುತ್ತಿರುವ ಮನೆಗೆ ಇನ್ನೂ ಬಾಗಿಲು ಕೂರಿಸಿಲ್ಲ. ಕಿಟಕಿ ಬಂದಿಲ್ಲ. ಮೆಟ್ಟಿಲಿಗೆ ಕಂಬಿ ಇಲ್ಲ. ಆದರೆ ಕಾವಲಿಗೆ ಮಾತ್ರ ಆರು ಕಣ್ಣಿನ ಹೆಂಗಸೊಬ್ಬಳು ಬಂದು ನಿಂತಿದ್ದಾಳೆ.

ಹೌದು, ಆರು ಕಣ್ಣು. ಮೂರು ಮೂರರಂತೆ ಎರಡು ಸಾಲು. ಮೈಬಣ್ಣ ಎಳೆ ಬಾಳೆಲೆಯ ಹಸಿರು. ತಲೆಯಲ್ಲಿ ಒಂದು ಕೂದಲಿಲ್ಲ. ಕುತ್ತಿಗೆ ಮಾತ್ರ ಅಷ್ಟುದ್ದ. ಮೊದಲ ಮಹಡಿಯ ಸಾರುವೆಯ ಬೊಂಬುಗಳಿಗೆ ಆಕೆಯನ್ನು ನಾಲ್ಕೂ ಮೂಲೆಯಲ್ಲಿ ಬಿಗಿದು ಕಟ್ಟಿ, ಪಕ್ಕಕ್ಕೊಂದು ಬೂದುಗುಂಬಳಕಾಯಿ, ಕೆಳಗೊಂದು ಹಳೇ ಚಪ್ಪಲಿ ನೇತುಹಾಕಿದ್ದರು. (ಚಪ್ಪಲಿ ನಮ್ಮ ಯಜಮಾನರದು. ಮೂರು ವಾರದಿಂದ ಹುಡುಕುತ್ತಿದ್ದರು.)

ಮನೆ ಕಟ್ಟುವಾಗ ದಾರಿಹೋಕರ ಹೊಟ್ಟೆಕಿಚ್ಚು ಗೋಡೆಗೆ ತಾಗದಿರಲಿ ಅಂತ ಒಂದು ಭಯಂಕರ ಮುಖವನ್ನು ತಗುಲಿಹಾಕುವುದು ನಮ್ಮ ಕಡೆ ಕಾಂಕ್ರೀಟಿಗೆ ನೀರುಣಿಸುವಷ್ಟೇ ಕಡ್ಡಾಯ. ಇಂಜಿನಿಯರ್ ಕೊಟ್ಟ ಪ್ಲಾನಿನಲ್ಲಿ ಅದಿರುವುದಿಲ್ಲ, ಆದರೆ ಅದಿಲ್ಲದೆ ಒಂದು ಇಟ್ಟಿಗೆಯೂ ಮೇಲೇರುವುದಿಲ್ಲ. ನೀವೂ ನೋಡಿರುತ್ತೀರಿ. ಕಪ್ಪು ಮುಖ, ಕೆಂಪು ನಾಲಿಗೆ, ಗಿರಿಜಾ ಮೀಸೆ, ಹೊರಗೆ ಬಿದ್ದ ಕಣ್ಣುಗುಡ್ಡೆ. ದೂರದ ಸಂಬಂಧಿಯೊಬ್ಬರನ್ನು ನೆನಪಿಸುವಂಥ ಮುಖ. ನಾನೂ ಅದನ್ನೇ ನಿರೀಕ್ಷಿಸಿದ್ದೆ.

"ಏನಯ್ಯಾ ಸಿದ್ದರಾಜು ಇದು?" ಅಂದೆ ಮೇಸ್ತ್ರಿಗೆ.

"ದಿಷ್ಟಿ ಪಟ ಕಣಮ್ಮೋರೆ. ಪಾಂಡವಪುರದ್ದು. ಈಗ ಎಲ್ಲಾ ಕಡೆ ಇದೇ ಓಡ್ತಾ ಇರೋದು. ಹಳೇ ಮೀಸೆ ಪಟಾನ ಈಗ ಯಾರೂ ಕೇಳಾಕಿಲ್ಲ."

"ಆರು ಕಣ್ಣು ಯಾಕೆ?"

"ನೋಡೋರು ಜಾಸ್ತಿ ಆಗವ್ರಲ್ಲಮ್ಮ. ಎಲ್ಡು ಕಣ್ಣು ಎಲ್ಲಿ ಸಾಲ್ತದೆ? ನಮ್ಮ ಚಿನಕುರಳೀಲಿ ಒಬ್ಬ ಜಲ್ಲಿ ಲಾರಿಯೋನು ಇದನ್ನ ಹಿಂದಕ್ಕೆ ಕಟ್ಕಂಡ. ಅವತ್ತಿಂದ ಒಂದ್ ಪಂಚರ್ ಆಗಿಲ್ಲ ಅಂತೀನಿ."

ಆ ಲಾರಿಗೆ ಟೈರನ್ನೂ ಆಗಲೇ ಬದಲಾಯಿಸಿದ್ದರಂತೆ. ಅದು ಆಮೇಲೆ, ಅವನ ಬಾಯಿತಪ್ಪಿ ಹೊರಬಂತು. ನಾನು ಇದನ್ನೆಲ್ಲ ನಂಬುವವಳಲ್ಲ. ಹಾಗಂತ ತೆಗೆಸಿ ಹಾಕುವಷ್ಟು ಧೈರ್ಯದವಳೂ ಅಲ್ಲ. ನೀವೂ ಅಷ್ಟೇ ಅಂತ ನನಗೆ ಗೊತ್ತು, ನಗಬೇಡಿ.

ಆದರೆ ಆ ಪಟದಲ್ಲಿ ಏನೋ ಸರಿಯಿರಲಿಲ್ಲ. ಕೆಳಗೆ ನಿಂತು ನೋಡಿದೆ, ಮೆಟ್ಟಿಲು ಹತ್ತಿ ಹತ್ತಿರದಿಂದ ನೋಡಿದೆ. ಆಮೇಲೆ ಹೊಳೆಯಿತು. ಆ ಆರು ಕಣ್ಣಿನಲ್ಲೂ ಸಿಟ್ಟೇ ಇಲ್ಲ! ಜ್ವರ ಬಂದಾಗ ಹಣೆ ಮುಟ್ಟಿ ನೋಡುವವರ ಕಣ್ಣು ಹೇಗಿರುತ್ತದೆ, ಹಾಗಿವೆ. ಅದರ ಕೆಳಗೆ ಮಾತ್ರ ಎರಡು ಕೋರೆಹಲ್ಲು ಗಲ್ಲದವರೆಗೆ ಇಳಿದಿವೆ. ಅತ್ತೆಯ ಹಲ್ಲಿನ ಸೆಟ್ಟನ್ನು ಸೊಸೆ ಹಾಕಿಕೊಂಡ ಹಾಗೆ. ಕಣ್ಣು ಬರೆದವರು ಒಬ್ಬರು, ಹಲ್ಲು ಇಟ್ಟವರು ಇನ್ನೊಬ್ಬರು ಅಂತ ನನಗೆ ಅಲ್ಲೇ ಅನುಮಾನ ಬಂತು.

ಮುಂದಿನ ವಾರ ತಂಗಿಯ ಮಗಳ ಸೀಮಂತಕ್ಕೆ ಬೆಳ್ಳೂರಿಗೆ ಹೋಗಬೇಕಾಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಶ್ರೀರಂಗಪಟ್ಟಣ ದಾಟಿದ್ದೇ ತಡ, ಶುರುವಾಯಿತು ನೋಡಿ. ಅರ್ಧ ಎದ್ದ ಮನೆಯ ಮೇಲೆ ಆರು ಕಣ್ಣು. ಕೋಳಿ ಫಾರಮ್ಮಿನ ಗೇಟಿನ ಮೇಲೆ ಆರು ಕಣ್ಣು. ಕಬ್ಬು ತುಂಬಿದ ಟ್ರಾಕ್ಟರ್ ಹಿಂದೆ ಆರು ಕಣ್ಣು. ನಾಗಮಂಗಲದ ಹತ್ತಿರ ಟೊಮೆಟೊ ಹೊಲದ ನಡುವೆ ಕೋಲಿಗೆ ಸಿಕ್ಕಿಸಿದ ಆರು ಕಣ್ಣು. ಕಡೆಗೆ ಬೆಳ್ಳೂರು ಕ್ರಾಸಿನಲ್ಲಿ ಇಳಿದು ಕಾಫಿಗೆ ಅಂತ ಒಂದು ಹೋಟೆಲಿಗೆ ಹೊಕ್ಕರೆ, ಗಲ್ಲಾಪೆಟ್ಟಿಗೆಯ ಮೇಲ್ಗಡೆಯೂ ಅವಳೇ. ಕಾಫಿಯಲ್ಲಿ ಸಕ್ಕರೆ ಕಡಿಮೆ ಅಂತ ಹೇಳಲು ಹೋದವಳು, ಆ ಕೋರೆಹಲ್ಲು ನೋಡಿ ಸುಮ್ಮನೆ ಕುಡಿದು ಬಂದೆ.

ಪಟದ ಬಲ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಪಾಂಡವಪುರದ ಒಂದು ಫ್ಲೆಕ್ಸ್ ಅಂಗಡಿಯ ಹೆಸರಿತ್ತು. ವಾಪಸ್ ಬರುವಾಗ ಪಾಂಡವಪುರದಲ್ಲಿ ಇಳಿದುಬಿಟ್ಟೆ. ಅಂಕಣ ಬರೆಯುವವರಿಗೆ ಇರುವ ರೋಗವೇ ಇದು, ಎಲ್ಲಾ ಕಡೆ ಇಳಿಯಬೇಕು.

ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅಂಗಡಿ. ಮಾಲೀಕರು ಬೋರೇಗೌಡರು. ಅಂಗಡಿ ಹೊಕ್ಕವರಿಗೆ ಅವರು ನಮಸ್ಕಾರ ಹೇಳುವುದಿಲ್ಲ.

"ಸೈಜು ಯೋಳಿ" ಅಂದರು.

"ಸೈಜು ಬೇಡ. ಆ ಆರು ಕಣ್ಣಿನ ದೃಷ್ಟಿ ಪಟ ಬರೆದವರು ಯಾರು ಅಂತ..."

ಅಷ್ಟು ಹೇಳಿದ್ದೇ ತಪ್ಪಾಯಿತು. ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಬೆನ್ನು ತಿರುಗಿಸಿ ಕೂತಿದ್ದ ಹುಡುಗಿ ಕುರ್ಚಿಸಮೇತ ಗಿರಕಿ ಹೊಡೆದು ನನ್ನ ಕಡೆ ತಿರುಗಿದಳು.

"ಅದು ದಿಷ್ಟಿ ಪಟ ಅಲ್ಲ ಮೇಡಂ. ಅವ್ಳ ಹೆಸರು ಜುಮೇಲಿ. ಸೂಲಗಿತ್ತಿ ಅವ್ಳು!"

ಇವಳೇ ಪವಿತ್ರ. ಬೋರೇಗೌಡರ ಅಕ್ಕನ ಮಗಳು. ವಯಸ್ಸು ಇಪ್ಪತ್ತೆಂಟೋ ಮೂವತ್ತೋ. ಮನೆಯಲ್ಲಿ ಗದ್ದೆ, ನಾಲ್ಕು ಹಸು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕುವುದು, ಹತ್ತಕ್ಕೆ ಮಾವನ ಅಂಗಡಿಗೆ ಬಂದು ಫ್ಲೆಕ್ಸ್ ಡಿಸೈನ್ ಮಾಡುವುದು. ನಾನು ಹೋದಾಗ ಯಾರೋ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಮುಳುಗಿದ್ದಳು. ನಡುವೆ ಮುಖಂಡರು, ಸುತ್ತಲೂ ಶುಭ ಕೋರುವ ಹುಡುಗರ ತಲೆಗಳು. ಬರೀ ತಲೆ, ಮೈಯಿಲ್ಲ. ಮುಖಂಡರ ಕೆನ್ನೆಗೆ ಬಿಳುಪು ಬಳಿಯಬೇಕು, ತಲೆಗೂದಲಿಗೆ ಕಪ್ಪು ಬಳಿಯಬೇಕು, ಗಲ್ಲದ ಕೆಳಗಿನ ಎರಡನೇ ಗಲ್ಲವನ್ನು ಅಳಿಸಬೇಕು. ವೈಜ್ಞಾನಿಕ ಕಲ್ಪನೆ ಅಂದರೆ ಇದೇ ಅಲ್ಲವೇ ಅಂದೆ. ಅವಳು ನಗಲಿಲ್ಲ.

ಆಮೇಲೆ ಅವಳು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ.

ಯಾವುದೋ ದೇಶದ ನಾಲ್ಕು ಜನ ಸೇರಿ ಇಂಟರ್ನೆಟ್ಟಿನಲ್ಲಿ ವಾರಕ್ಕೊಂದು ಕಂತಿನಂತೆ ಒಂದು ಕಥೆ ಹೇಳುತ್ತಾರಂತೆ. ಅಂತರಿಕ್ಷದ ಕಥೆ. ಒಂದು ದೊಡ್ಡ ಹಡಗು, ಅದರಲ್ಲಿ ನಾನಾ ಗ್ರಹದ ಜೀವಿಗಳು. ಯಾವ ಜೀವಿಗೆ ಎಲ್ಲಿ ಹೆರಿಗೆ ನೋವು ಬಂದರೂ ಅಲ್ಲಿಗೆ ಹೋಗುವವಳು ಜುಮೇಲಿ. ಮೊಟ್ಟೆ ಇಡುವವರಿಗೂ ಅವಳೇ, ಮರಿ ಹಾಕುವವರಿಗೂ ಅವಳೇ. ಈ ಕಥೆಗೆ ಲೋಕದ ತುಂಬ ಅಭಿಮಾನಿಗಳು. ಅವರಲ್ಲಿ ಚಿತ್ರ ಬರೆಯುವವರದ್ದೇ ಒಂದು ಗುಂಪು. ಕಥೆಯಲ್ಲಿ ಕೇಳಿದ್ದನ್ನು ತಮ್ಮ ಕಣ್ಣಿಗೆ ಕಂಡ ಹಾಗೆ ಬರೆದು ಒಬ್ಬರಿಗೊಬ್ಬರು ತೋರಿಸುವುದು. ಪವಿತ್ರ ಆ ಗುಂಪಿನವಳು. ಅಂದರೆ, ಅಭಿಮಾನಿ ಕಲಾವಿದೆ.

ಅಭಿಮಾನಿ ಅಂದರೆ ನಮ್ಮ ಕಡೆ ಕಟೌಟಿಗೆ ಹಾಲು ಸುರಿಯುವವರು ಅಂತಲ್ಲವೇ ನಾವು ತಿಳಿದಿರುವುದು? ಇವಳು ಹಾಲು ಡೈರಿಗೆ ಹಾಕಿ ಬಂದು ಚಿತ್ರ ಬರೆಯುತ್ತಾಳೆ. ಡೈರಿಯಿಂದ ಬಂದ ಮೇಲೆ ಅಂಗಡಿ ಬಾಗಿಲು ತೆಗೆಯುವವರೆಗೆ ಸಿಗುವ ಹೊತ್ತೇ ಅವಳ ಕಲೆಯ ಹೊತ್ತು. ಅಡುಗೆಮನೆಯಿಂದ ಅಮ್ಮ ಕೂಗುವವರೆಗೆ ಅನ್ನಿ.

"ಈ ಕಣ್ಣು ಎಲ್ಲಿಂದ ತಂದೆ?" ಅಂತ ಕೇಳಿದೆ.

"ನಮ್ಮ ಗೌರಿಯಿಂದ. ಹಸು ಮೇಡಂ. ಕರು ಹಾಕ್ದಾಗ ತಿರುಗಿ ಒಂದ್ ಸಲ ನೋಡ್ತದಲ್ಲ, ಅದು. ಆರು ಕಣ್ಣೂ ಅದೇ. ಅದನ್ನ ಹಿಡಿಯಾಕೆ ನಾನು ಮೂರು ಕರು ಕಾಯ್ದಿದ್ದೀನಿ."

ಅವಳ ಅಂತರಿಕ್ಷದ ಹಡಗನ್ನೂ ತೋರಿಸಿದಳು. ಹೊರದೇಶದ ಅಭಿಮಾನಿಗಳು ಅದನ್ನು ನೋಡಿ, ಎಂಥ ಯಂತ್ರ, ಎಂಥ ಸ್ವಂತ ಕಲ್ಪನೆ ಅಂತ ಹೊಗಳಿದ್ದೇ ಹೊಗಳಿದ್ದು. ನಾನು ಕನ್ನಡಕ ಏರಿಸಿ ನೋಡಿದೆ. ಆಲೆಮನೆಯ ಕಬ್ಬಿನ ಗಾಣ! ಮಗ್ಗುಲಲ್ಲಿ ಮಲಗಿಸಿ ಹಿಂದೆ ಬೆಂಕಿ ಹಚ್ಚಿದ್ದಾಳೆ, ಅಷ್ಟೇ. ನಾನು ಅವಳ ಮುಖ ನೋಡಿದೆ, ಅವಳು ಕಣ್ಣಲ್ಲೇ ನಕ್ಕಳು.

ಸರಿ, ಸೂಲಗಿತ್ತಿ ರಾಕ್ಷಸಿಯಾದದ್ದು ಹೇಗೆ?

ಫ್ಲೆಕ್ಸ್ ಪ್ರಿಂಟ್ ಮಾಡುವಾಗ ಪ್ರತಿ ಸುರುಳಿಯ ಕೊನೆಯಲ್ಲಿ ಒಂದು ತುಂಡು ಉಳಿಯುತ್ತದೆ. ಯಾವ ಮುಖಂಡರಿಗೂ ಸಾಲದ ತುಂಡು. ಅದನ್ನು ಬಿಸಾಡುವ ಬದಲು ಪವಿತ್ರ ಒಮ್ಮೆ ಅದರ ಮೇಲೆ ತನ್ನ ಜುಮೇಲಿಯನ್ನು ಪ್ರಿಂಟ್ ಮಾಡಿಕೊಂಡು ಅಂಗಡಿ ಮುಂದೆ ಗಾಳಿಗೆ ಒಣಹಾಕಿದ್ದಳು. ಹಳ್ಳಿಯಿಂದ ಬಂದ ರೈತರೊಬ್ಬರು ನೋಡಿದರು. "ಆ ದಿಷ್ಟಿ ಪಟ ಒಂದು ಕೊಡಿ ಗೌಡ್ರೆ" ಅಂದರು. ಬೋರೇಗೌಡರು ಸುತ್ತಿ ಕೊಟ್ಟರು. ಒದೆಯುತ್ತಿದ್ದ ಎಮ್ಮೆ ಆ ವಾರ ಸುಮ್ಮನಾಯಿತಂತೆ. (ಎಮ್ಮೆಯನ್ನು ಯಾರೂ ವಿಚಾರಿಸಿಲ್ಲ.) ಮುಂದಿನ ವಾರ ಅದೇ ಊರಿನಿಂದ ಐದಾರು ಜನ ಬಂದರು.

ಆದರೆ ಒಂದು ದೂರು ಇತ್ತು. "ಗೌಡ್ರೆ, ಇವ್ಳು ನಗ್ತಾ ಅವ್ಳೆ ಕಣ್ರೀ. ನಗೋಳ್ನ ಕಂಡು ಯಾರ್ ಹೆದ್ರುತಾರೆ?" ಅಂತ. ಗಿರಾಕಿ ಹೇಳಿದ ಮೇಲೆ ಮುಗಿಯಿತು. ಪವಿತ್ರ ಮದುವೆಯೊಂದಕ್ಕೆ ಕೆ.ಆರ್.ಪೇಟೆಗೆ ಹೋಗಿದ್ದಾಗ, ಬೋರೇಗೌಡರು ತಾವೇ ಕಂಪ್ಯೂಟರ್ ಮುಂದೆ ಕೂತು, ಹಳೇ ಮೀಸೆ ರಾಕ್ಷಸನ ಬಾಯಿಂದ ಎರಡು ಕೋರೆಹಲ್ಲು ಕಿತ್ತು, ಜುಮೇಲಿಯ ಬಾಯಿಗೆ ಅಂಟಿಸಿದರು.

"ಜುಮೇಲಿಗೆ ಹಲ್ಲೇ ಇಲ್ಲ ಮೇಡಂ!" ಅಂದಳು ಪವಿತ್ರ. "ಬೆಳಕು ಕುಡ್ಕಂಡು ಬದುಕೋಳು ಅವ್ಳು. ಕಥೇಲಿ ಅವ್ಳನ್ನ ಕಂಡ್ರೆ ಅಳೋ ಮಕ್ಳೂ ಸುಮ್ನಾಯ್ತವೆ. ಅಂಥೋಳಿಗೆ ಈ ಹಲ್ಲು!"

"ಸುಮ್ಕಿರು ಮಗಾ" ಅಂದರು ಮಾವ, ಇಂಚು ಟೇಪು ಸುತ್ತುತ್ತಾ. "ಹಲ್ಲಿಲ್ದಿದ್ರೆ ಈ ಕಾಲ್ದಲ್ಲಿ ಯಾರೂ ಲೆಕ್ಕಕ್ಕೆ ಇಡಾಕಿಲ್ಲ."

ಅವರು ಹೇಳಿದ್ದು ಸುಳ್ಳೇ? ನಮ್ಮ ಬೀದಿಯನ್ನೇ ನೋಡಿ. ನಾಯಿಯೇ ಇಲ್ಲದ ಮನೆಯ ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಬೋರ್ಡು. ಮೃದುವಾಗಿ ಮಾತಾಡುವ ಮೇಷ್ಟ್ರಿಗೆ ಪಾಠ ಬರುವುದಿಲ್ಲ ಅಂತ ತೀರ್ಮಾನ. ಕೌಂಟರಿನಲ್ಲಿ ಗದರಿಸಿದವರ ಕೆಲಸ ಮೊದಲು ಆಗುತ್ತದೆ, ದಯವಿಟ್ಟು ಅಂದವರು ಊಟದ ವಿರಾಮ ಮುಗಿಯುವವರೆಗೆ ಬೆಂಚಿನ ಮೇಲೆ ಕೂತಿರುತ್ತಾರೆ. ನಾನೇ ತರಕಾರಿಯವನ ಹತ್ತಿರ ಹುಬ್ಬು ಗಂಟಿಕ್ಕಿಕೊಂಡೇ ಹೋಗುವವಳು. ಸೌಮ್ಯ ಮುಖಕ್ಕೆ ನಮ್ಮಲ್ಲಿ ಮಾರ್ಕೆಟ್ಟೇ ಇಲ್ಲ ಕಣ್ರೀ.

ಆದರೆ ಪವಿತ್ರಳ ಕಷ್ಟ ಬರೀ ಹಲ್ಲಿನದಲ್ಲ. ಅಭಿಮಾನಿಗಳ ಆ ಗುಂಪು ವರ್ಷಕ್ಕೊಂದು ಚಿತ್ರಗಳ ಪುಸ್ತಕ ತರುತ್ತದೆ. ಈ ವರ್ಷದ ಮುಖಪುಟಕ್ಕೆ ಅವಳ ಜುಮೇಲಿಯೇ ಆಯ್ಕೆಯಾಗಿತ್ತು! ಪಾಂಡವಪುರದಲ್ಲಿ ಅವಳು ಫ್ಲೆಕ್ಸ್ ಅಂಗಡಿ ಹುಡುಗಿ, ಮನೆಯಲ್ಲಿ ಮದುವೆಯಾಗದ ಮಗಳು. ಆ ಗುಂಪಿನಲ್ಲಿ ಮಾತ್ರ ಅವಳನ್ನು ಕಲಾವಿದೆ ಅಂತ ಕರೆಯುತ್ತಾರೆ. ಅಲ್ಲಿ ಎರಡು ಕಟ್ಟುನಿಟ್ಟು. ಕಥೆ ನಮ್ಮದಲ್ಲ, ಆದ್ದರಿಂದ ಚಿತ್ರವನ್ನು ಮಾರಬಾರದು. ಕಥೆಯಲ್ಲಿ ಇರುವ ಜೀವಿಯ ಸ್ವಭಾವ ಕೆಡಿಸಬಾರದು. ಮಾವ ಎರಡನ್ನೂ ಒಂದೇ ಏಟಿಗೆ ಮುರಿದಿದ್ದರು. ಗುಂಪಿನವರ ಕಣ್ಣಿಗೆ ಈ ಪಟ ಬಿದ್ದರೆ ಮುಖಪುಟ ಹೋಯಿತು, ಗುಂಪೂ ಹೋಯಿತು.

"ಯಾರ್ ನೋಡ್ತಾರವ್ವ?" ಅಂದರು ಬೋರೇಗೌಡರು. "ಆ ದೇಶದೋರು ಬೆಳ್ಳೂರು ಕ್ರಾಸಿಗೆ ಬತ್ತಾರಾ?"

ಬರಲಿಲ್ಲ ನಿಜ. ಆದರೆ ಬೆಂಗಳೂರಿನವನೊಬ್ಬ ಬಂದ.

ಹಾಸನದ ಕಡೆ ಬೈಕಿನಲ್ಲಿ ಹೊರಟಿದ್ದ ಹುಡುಗ. ಬೆಳ್ಳೂರು ಕ್ರಾಸಿನ ಅದೇ ಹೋಟೆಲಿನಲ್ಲಿ ತಟ್ಟೆ ಇಡ್ಲಿಗೆ ನಿಂತಿದ್ದಾನೆ. ತಲೆಯೆತ್ತಿದರೆ ಗಲ್ಲಾಪೆಟ್ಟಿಗೆಯ ಮೇಲೆ ಜುಮೇಲಿ! ಅವನೂ ಆ ಕಥೆಯ ಅಭಿಮಾನಿಯಂತೆ. ಇಡ್ಲಿ ತಣ್ಣಗಾಗಲು ಬಿಟ್ಟು ಫೋಟೊ ಹೊಡೆದ. ದಾರಿಯಲ್ಲಿ ಟ್ರಾಕ್ಟರ್ ಹಿಂದಿನದನ್ನೂ, ಅರ್ಧ ಎದ್ದ ಮನೆಯೊಂದರ ಮೇಲೆ ಕುಂಬಳಕಾಯಿ ಚಪ್ಪಲಿ ಸಮೇತ ಕಟ್ಟಿದ್ದನ್ನೂ ಹೊಡೆದ. ಅವತ್ತೇ ಗುಂಪಿಗೆ ಹಾಕಿದ.

ಪವಿತ್ರ ನನಗೆ ಫೋನ್ ಮಾಡಿದಳು. "ಅಕ್ಕಾ, ಮುಗೀತು ನನ್ನ ಕಥೆ. ಒಂದು ಕ್ಷಮಾಪಣೆ ಬರ್ಕೊಡಿ. ಇಂಗ್ಲಿಷು ಚೆನ್ನಾಗಿರ್ಬೇಕು."

ಮೇಡಂ ಇದ್ದವಳು ಅಕ್ಕ ಆದೆ. ಕೆಲಸ ಬಿದ್ದಾಗ ನಮ್ಮ ಜಿಲ್ಲೆಯಲ್ಲಿ ಸಂಬಂಧ ಹತ್ತಿರವಾಗುತ್ತದೆ, ಅದೊಂದು ಸುಖ. ಇಂಗ್ಲಿಷ್ ಅಂದ ಕೂಡಲೇ ನಮ್ಮ ಯಜಮಾನರು ಪೆನ್ನು ಹಿಡಿದು ಬಂದರು. ಜೀವಮಾನವೆಲ್ಲ ಕಚೇರಿಯಲ್ಲಿ ಕಡತ ಬರೆದವರು. 'ವಿತ್ ಡ್ಯೂ ರೆಸ್ಪೆಕ್ಟ್' ಅಂತ ಶುರು ಮಾಡಿ, ಹಲ್ಲನ್ನು 'ದಿ ಸೆಡ್ ಟೀತ್' ಅಂತ ಕರೆದು, ಒಂದು ಪುಟ ತುಂಬಿಸಿದರು. ಓದಿದರೆ ಅಂತರಿಕ್ಷದವರು ಇನ್‌ಕ್ರಿಮೆಂಟ್ ತಡೆಹಿಡಿದಿದ್ದಾರೇನೋ ಅನ್ನಿಸುವಂತಿತ್ತು. ನಾನು ಅದನ್ನು ತಿದ್ದುತ್ತಾ ಕೂತಿರುವಾಗಲೇ ಮತ್ತೆ ಫೋನ್ ಬಂತು.

"ಅಕ್ಕಾ, ಅವ್ರಿಗೆ ಖುಷಿ ಆಗ್ಬುಟ್ಟೈತೆ."

ಖುಷಿ ಅಂದರೆ ಹೇಗೆ? ಗುಂಪು ಕುಣಿದಾಡುತ್ತಿತ್ತು! ಭಾರತದ ಹಳ್ಳಿಗಾಡಿನ ಜನ, ಕಥೆಯನ್ನೇ ಕೇಳದವರು, ಜುಮೇಲಿಯನ್ನು ತಾವಾಗಿಯೇ ಕಂಡುಕೊಂಡಿದ್ದಾರೆ, ಹೊಲ ಮನೆ ದನಕರು ಕಾಯುವ ದೈವವಾಗಿ ಪೂಜಿಸುತ್ತಿದ್ದಾರೆ ಅಂತ ಉದ್ದುದ್ದ ಬರಹಗಳು. ಕುಂಬಳಕಾಯಿಗೆ ಒಬ್ಬರು ಅರ್ಥ ಹೇಳಿದರು, ಅದು ಗರ್ಭವಂತೆ. ಚಪ್ಪಲಿಗೆ ಇನ್ನೊಬ್ಬರು, ಅದು ಕಾಲಯಾತ್ರೆಯಂತೆ. (ಹಾಗಾದರೆ ನಮ್ಮ ಯಜಮಾನರದು ಇನ್ನೊಂದು ಕಾಲು ಇನ್ನೂ ಇಲ್ಲೇ ಇದೆ.) ಕೋರೆಹಲ್ಲಿಗಂತೂ ಎಂಟು ಜನ ಎಂಟು ವ್ಯಾಖ್ಯಾನ. ಎಲ್ಲರೂ ಒಪ್ಪಿದ್ದು ಒಂದನ್ನು: ಅದು ಶೋಷಿತ ಜನರ ಮೌನ ಪ್ರತಿರೋಧ.

ಹಲ್ಲು ಅಂಟಿಸಿದ ಬೋರೇಗೌಡರು ಆ ಹೊತ್ತಿನಲ್ಲಿ ಮುದ್ದೆ ನುಂಗುತ್ತಿದ್ದರು.

ಪವಿತ್ರ ಹಿಗ್ಗಿದಳು. ತಡಮಾಡದೆ ಗುಂಪಿನಲ್ಲಿ ಬರೆದಳು: ಆ ಚಿತ್ರ ನನ್ನದು, ಹಲ್ಲು ಮಾತ್ರ ನನ್ನದಲ್ಲ, ಮುಖಪುಟಕ್ಕೆ ಆಯ್ಕೆಯಾಗಿದೆಯಲ್ಲ, ಅದೇ ಇದು.

ಬಂದ ಉತ್ತರವನ್ನು ಅವಳು ನನಗೆ ಮೂರು ಸಲ ಓದಿಸಿದಳು. ಅರ್ಥ ಬೇರೆ ಏನಾದರೂ ಇದ್ದೀತು ಅಂತ ಆಸೆ. ಇರಲಿಲ್ಲ. ನಿನ್ನ ಜುಮೇಲಿಯ ಕಣ್ಣುಗಳು ಆ ಹಳ್ಳಿಗರ ಕಲೆಯಲ್ಲಿ ಇರುವಂತೆಯೇ ಇವೆ, ಈಗ ನಮಗೆ ತಿಳಿಯಿತು, ಅವರಿಂದ ತೆಗೆದುಕೊಂಡು ಅವರ ಹೆಸರು ಹೇಳದಿರುವುದು ಸರಿಯಲ್ಲ, ಬಡವರ ಕಲೆಯನ್ನು ಕದಿಯುವವರಿಗೆ ನಮ್ಮಲ್ಲಿ ಜಾಗವಿಲ್ಲ.

ಅರ್ಥವಾಯಿತೇ? ತನ್ನ ಚಿತ್ರವನ್ನು ತಾನೇ ಕದ್ದವಳಾದಳು ಹುಡುಗಿ.

ನಾನೇ ಆ ಹಳ್ಳಿಯವಳು ಅಂದಳು. ನೀನು ಯಂತ್ರಗಳನ್ನು ಅಷ್ಟು ಚೆನ್ನಾಗಿ ಬರೆಯುತ್ತೀಯ, ನೀನು ಹೇಗೆ ಹಳ್ಳಿಯವಳಾಗುತ್ತೀಯ ಅಂದರು. ನಾನು ಗುಂಪಿಗೆ ಹಾಕಿದ ದಿನಾಂಕ ನೋಡಿ, ಈ ಫೋಟೊಗಿಂತ ಎಷ್ಟು ಹಿಂದಿನದು ಅಂದಳು. ಜಾನಪದಕ್ಕೆ ದಿನಾಂಕ ಇರುವುದಿಲ್ಲ, ಅದು ಅನಾದಿ ಕಾಲದ್ದು ಅಂತ ಉತ್ತರ ಬಂತು. ಫ್ಲೆಕ್ಸಿನ ಮೇಲೆ ಅನಾದಿ ಕಾಲ! ಮೂಲೆಯಲ್ಲಿ ಮೊಬೈಲ್ ನಂಬರ್ ಸಮೇತ!

ನನಗೆ ಬಂದ ಸಿಟ್ಟಿಗೆ ಯಜಮಾನರ 'ಸೆಡ್ ಟೀತ್' ಪತ್ರವನ್ನು ಹಾಗೆಯೇ ಕಳಿಸಿಬಿಡೋಣ ಅನ್ನಿಸಿತ್ತು. ಅಷ್ಟರಲ್ಲಿ ಆ ಬೈಕಿನ ಹುಡುಗ, ಪಟದ ಮೂಲೆಯಲ್ಲಿದ್ದ ನಂಬರ್ ಹಿಡಿದು ಪಾಂಡವಪುರಕ್ಕೆ ಬರುತ್ತಿದ್ದಾನೆ, ಜಾನಪದ ಕಲಾವಿದರನ್ನು ಗುಂಪಿನ ಹಿರಿಯರ ಜೊತೆ ವಿಡಿಯೊದಲ್ಲಿ ಮಾತಾಡಿಸುತ್ತಾನೆ ಅಂತ ಸುದ್ದಿ ಬಂತು. ಇದು ಒಳ್ಳೆಯದೇ ಆಯಿತು ಅಂದುಕೊಂಡೆ. ಎದುರುಬದುರು ಮಾತಾಡಿದರೆ ಎಲ್ಲಾ ತಿಳಿಯಾಗುತ್ತದೆ. ನಾನೂ ಹೋದೆ. ಒಳ್ಳೇ ಸೀರೆಯುಟ್ಟೇ ಹೋದೆ.

ಹುಡುಗ ಒಳ್ಳೆಯವನೇ ಪಾಪ. ಬೋರೇಗೌಡರ ಕಾಲಿಗೆ ನಮಸ್ಕಾರ ಮಾಡಿದ. ಫ್ಲೆಕ್ಸ್ ಮಷಿನ್ನು ಕಾಣಿಸಬಾರದು ಅಂತ ಅವರನ್ನು ಅಂಗಡಿಯ ಹಿಂದೆಯೇ ಇರುವ ಅವರ ಮನೆಯ ಹಿತ್ತಲಿಗೆ ಕರೆದೊಯ್ದು, ಕೊಟ್ಟಿಗೆಯ ಮುಂದೆ, ಒನಕೆಯ ಪಕ್ಕ ಕೂರಿಸಿದ. ಗೌಡರು ಹೊಸ ಷರಟು ಹಾಕಿಕೊಂಡಿದ್ದರು. ಅದನ್ನು ಬಿಚ್ಚಿಸಿ ಟವೆಲ್ಲು ಹೊದಿಸಿದ. ಪವಿತ್ರಳನ್ನು ಕ್ಯಾಮೆರಾದಿಂದ ಸ್ವಲ್ಪ ಸರಿದು ನಿಲ್ಲಿ ಅಂದ. ಫೋನಿನಲ್ಲಿ ಗುಂಪಿನ ಹಿರಿಯರ ನಾಲ್ಕು ಬಿಳಿ ಮುಖಗಳು ಮೂಡಿದವು. ಅತ್ತಲಿಂದ ಮೊದಲ ಪ್ರಶ್ನೆ ಬಂತು, ಹುಡುಗ ಕನ್ನಡಕ್ಕೆ ತಿರುಗಿಸಿದ.

"ಸರ್, ಈ ದೈವ ನಿಮಗೆ ಕನಸಲ್ಲಿ ಕಾಣಿಸಿಕೊಂಡಿತಾ ಅಂತ ಕೇಳ್ತಿದ್ದಾರೆ."

"ಸೈಜು ಎಷ್ಟು ಬೇಕಂತೆ ಕೇಳಪ್ಪ ಮೊದ್ಲು" ಅಂದರು ಗೌಡರು.

ನಾನು ತಡೆಯಲಾರದೆ ಪಕ್ಕದಿಂದ, "ಗೌಡ್ರೆ, ಬರೆದದ್ದು ಯಾರು ಅಂತ ಹೇಳಿ" ಅಂದೆ. ಮನುಷ್ಯ ವ್ಯಾಪಾರಿ ಇರಬಹುದು, ಸುಳ್ಳುಗಾರ ಅಲ್ಲ. ಕೈ ಮಾಡಿ ತೋರಿಸಿದರು.

"ಬರ್ದಿರೋಳು ಇವ್ಳು ಕಣಪ್ಪ. ನಮ್ಮಕ್ಕನ್ ಮಗ್ಳು. ಚಿತ್ರ ಎಲ್ಲಾ ಅವ್ಳದೇ. ಕೋರೆ ಮಾತ್ರ ನಾನ್ ಅಂಟ್ಸಿದ್ದು. ಅವ್ಳಿಗೆ ಅದು ಇಷ್ಟಿಲ್ಲ. ತೆಗೀಬೇಕು ಅಂತಾಳೆ."

ಹುಡುಗನ ಕಣ್ಣು ಒದ್ದೆಯಾದವು. ಫೋನಿಗೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ: ಈ ಕಲೆ ಯಾರೊಬ್ಬರದೂ ಅಲ್ಲವಂತೆ. ಅವರ ಮನೆತನದ ಹೆಣ್ಣುಮಕ್ಕಳಲ್ಲಿ ತಲೆತಲಾಂತರದಿಂದ ಇಳಿದು ಬಂದಿದೆಯಂತೆ. ಗಂಡಸರು ಮುಟ್ಟುವುದು ಹಲ್ಲನ್ನು ಮಾತ್ರವಂತೆ. ಹೊಸ ತಲೆಮಾರಿಗೆ ಅದು ಬೇಡವಾಗುತ್ತಿದೆಯಂತೆ, ಅದೇ ಅವರ ನೋವು.

ಫೋನಿನಲ್ಲಿದ್ದ ನಾಲ್ವರೂ ಕೈಜೋಡಿಸಿದರು. ಪವಿತ್ರ ಮುಂದೆ ಬಂದು, "ನೋ, ನೋ, ಐ ಡ್ರಾ, ಐ ಓನ್ಲಿ" ಅಂತ ಏನೋ ಹೇಳಲು ಹೊರಟಳು. ಅವರು ಅವಳಿಗೂ ಕೈಜೋಡಿಸಿದರು. ಆಮೇಲೆ ಫೋನಿನ ಬ್ಯಾಟರಿ ಮುಗಿಯಿತು. ಚಾರ್ಜ್ ಮಾಡಿ ಮತ್ತೆ ಕರೆ ಅಂದೆ ನಾನು. ಎಲ್ಲಾ ಸಿಕ್ಕಿತು ಮೇಡಂ, ಇಷ್ಟು ಸಾಕು ಅಂದ ಹುಡುಗ. ಹೋಗುವಾಗ ಇನ್ನೊಮ್ಮೆ ಕಾಲಿಗೆ ಬಿದ್ದ.

ಪುಸ್ತಕ ಬಂದಿದೆ. ಮುಖಪುಟದಲ್ಲಿ ಬೆಳ್ಳೂರು ಕ್ರಾಸಿನ ಹೋಟೆಲಿನ ಪಟ. ಅಂಗಡಿಯ ಹೆಸರಿದ್ದ ಮೂಲೆಯನ್ನು ನೀಟಾಗಿ ಕತ್ತರಿಸಿದ್ದಾರೆ. ಒಳಗೆ, ಚಿತ್ರ: ಹೆಸರು ತಿಳಿಯದ ಗ್ರಾಮೀಣ ಕಲಾವಿದರು. ಫೋಟೊ ತೆಗೆದ ಹುಡುಗನ ಹೆಸರು ಮಾತ್ರ ಪೂರ್ತಿ ಇದೆ, ಇನಿಷಿಯಲ್ ಸಮೇತ.

ಅದಕ್ಕೂ ಅವಳು ಅತ್ತಿರಲಿಲ್ಲ. ಹೋದ ವಾರದ ಕಂತಿನಲ್ಲಿ, ಕಥೆ ಹೇಳುವವರೇ ಜುಮೇಲಿಗೆ ಹಲ್ಲು ಬರಿಸಿಬಿಟ್ಟರು. ಹಡಗಿನ ಮೇಲೆ ಯಾರೋ ದಾಳಿ ಮಾಡುತ್ತಾರಂತೆ, ಜುಮೇಲಿ ಬಾಯಿ ತೆರೆಯುತ್ತಾಳಂತೆ, ಎರಡು ಕೋರೆಹಲ್ಲು ಗಲ್ಲದವರೆಗೆ ಇಳಿಯುತ್ತವಂತೆ. ಕಂತಿನ ಕೊನೆಗೆ ಹೇಳಿದ್ದು, ಪ್ರೇರಣೆ: ದಕ್ಷಿಣ ಭಾರತದ ಜಾನಪದ. ಅವತ್ತು ಪವಿತ್ರ ಫೋನ್ ಮಾಡಿದಳು. ಬರೀ ಅತ್ತಳು. ನನಗೆ ನಿಜಕ್ಕೂ ಸಂಕಟವಾಯಿತು. ಕಟ್ಟುಕಥೆಯ ಹಸಿರು ಹೆಂಗಸಿಗಾಗಿ ಅಳುವವರುಂಟೇ ಅಂತ ಕೇಳುವವರಿಗೆ ಒಂದು ಮಾತು: ಧಾರಾವಾಹಿಯ ಸೊಸೆಗೆ ಅತ್ತೆ ವಿಷ ಹಾಕಿದ ದಿನ ನಿಮ್ಮ ಮನೆಯಲ್ಲಿ ಯಾರೂ ಊಟ ಮಾಡಿರಲಿಲ್ಲ, ನೆನಪಿದೆಯೇ?

ಮೊನ್ನೆ ಭಾನುವಾರ ಅವಳು ಕಿರಂಗೂರಿಗೆ ಬಂದಳು. ಕೈಯಲ್ಲಿ ಹಸಿರು ಪೇಂಟಿನ ಸಣ್ಣ ಡಬ್ಬ, ಎರಡು ಬ್ರಷ್ಷು.

"ಅಕ್ಕಾ, ಎಲ್ಲಾ ಊರಿನ್ದೂ ಅಳಿಸಾಕೆ ನನ್ ಕೈಲಾಗಾಕಿಲ್ಲ. ನಿಮ್ಮದೊಂದು ಸರಿ ಮಾಡ್ಲಾ?"

ಮಾಡು ಅಂದೆ. ಅವಳು ಸಾರುವೆ ಹತ್ತಿದಳು. ಸಿದ್ದರಾಜು ಕೆಳಗಿನಿಂದ ಬಾಯಿ ಬಾಯಿ ಬಡಿದುಕೊಂಡ, ಮೇಲಿನ ಮಹಡಿ ಮೋಲ್ಡಿಂಗ್ ಇನ್ನೂ ಬಾಕಿ ಅದೆ, ಈಗ ಹಲ್ಲು ಕಿತ್ರೆ ಎಂಗಮ್ಮ ಅಂತ. ಅವಳು ಕೇಳಿಸಿಕೊಳ್ಳಲಿಲ್ಲ. ಒಂದು ಕೋರೆ ಹೋಯಿತು. ಇನ್ನೊಂದು ಹೋಯಿತು. ಬಾಯಿಯ ಅಂಚನ್ನು ಸಣ್ಣ ಬ್ರಷ್ಷಿನಲ್ಲಿ ತಿದ್ದಿದಳು. ಮುಖ 'ಬಂದೆಯಾ, ಬಾ' ಅನ್ನುವ ಹಾಗಾಯಿತು. ರಸ್ತೆಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುತ್ತಿದ್ದವನೊಬ್ಬ ಮೊಪೆಡ್ ನಿಲ್ಲಿಸಿ ನೋಡಿದ. ಅವನಿಗೂ ನಗು ಬಂತು.

ಆಮೇಲೆ ಅವಳು, ಮೂಲೆಯಲ್ಲಿದ್ದ ಅಂಗಡಿಯ ಹೆಸರಿನ ಮೇಲೆ ಹಸಿರು ಬಳಿದು, ಅದರ ಕೆಳಗೆ ಒಂದೊಂದು ಅಕ್ಷರವೂ ಗೇಣುದ್ದ ಬರುವಂತೆ ತನ್ನ ಹೆಸರು ಬರೆಯಲು ಶುರುಮಾಡಿದಳು. ಸಿದ್ದರಾಜು ಈಗ ನಿಜವಾಗಿಯೂ ಗಾಬರಿಯಾದ. ದೃಷ್ಟಿ ಪಟಕ್ಕೆ ಬರೆದವರ ಹೆಸರು ಹಾಕುವ ಪದ್ಧತಿ ಎಲ್ಲಿದೆ? ಊರವರ ಕೆಟ್ಟ ಕಣ್ಣೆಲ್ಲ ಬಂದು ಬೀಳುವ ಜಾಗ ಅದು.

"ಬ್ಯಾಡ ಕಣವ್ವ ಮಗಾ, ಹೆಸರು ಹಾಕ್ಬ್ಯಾಡ! ನಿಂಗೇ ದಿಷ್ಟಿ ತಾಗ್ಬುಡ್ತದೆ!"

ಅವಳು ತಿರುಗಲಿಲ್ಲ. ಬ್ರಷ್ಷು ಅದ್ದಿಕೊಂಡು ಹೇಳಿದಳು:

"ತಾಗ್ಲಿ ಬುಡಣ್ಣ. ಯಾರೋ ಒಬ್ರು ನನ್ನ ನೋಡವ್ರೆ ಅಂತಾದ್ರೂ ಗೊತ್ತಾಗ್ಲಿ."